ಕಾರು ಸಾಕುವುದು

ನಮ್ಮ ಶಿಕಾರಿಪುರದ ಕಡೆ ಒಬ್ಬರ ಮನೆಯಲ್ಲಿ ಹಳೆಯ ಕಾರಿದ್ದರೆ ‘ಕಾರು ಸಾಕ್ಯಾರೆ’ ಅನ್ನುತ್ತಾರೆ. ಎಮ್ಮೆ ಸಾಕ್ಯಾರೆ, ನಾಯಿ ಸಾಕ್ಯಾರೆ ಅಂದ ಹಾಗೆಯೇ. ಹೊಸ ಕಾರಿನವರ ಬಗ್ಗೆ ಈ ಮಾತು ಬರುವುದಿಲ್ಲ. ಅವರು ‘ಕಾರು ತಗಂಡಾರೆ’, ಅಷ್ಟೇ. ಹದಿನೈದು ಇಪ್ಪತ್ತು ವರ್ಷ ಕಳೆದು, ಬಣ್ಣ ಮಾಸಿ, ಬಾಗಿಲ ಅಡಿ ತುಕ್ಕು ಹಿಡಿದು, ಅಷ್ಟಾದ ಮೇಲೂ ಅದು ಮನೆ ಮುಂದಿನ ಶೀಟಿನ ಕೆಳಗೆ ನಿಂತಿದ್ದರೆ ಆಗ ಅದು ಸಾಕಿದ ಕಾರು. ಆ ಮಾತಿನಲ್ಲಿ ಸ್ವಲ್ಪ ಮೆಚ್ಚುಗೆ ಇರುತ್ತದೆ, ಸ್ವಲ್ಪ ಕನಿಕರ ಇರುತ್ತದೆ, ಉಳಿದದ್ದೆಲ್ಲ ತಮಾಷೆ.

ಹಾಗೆ ನೋಡಿದರೆ ಸಾಕುವ ಹುಚ್ಚು ನಮ್ಮ ಸೀಮೆಗೆ ಹೊಸದಲ್ಲ. ದೀಪಾವಳಿ ಬಂತೆಂದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಊರೂರಲ್ಲಿ ಹೋರಿ ಬೆದರಿಸುವ ಹಬ್ಬ ಶುರುವಾಗುತ್ತದೆ. ಕೊರಳಿಗೆ ಕೊಬ್ಬರಿ ಸರ, ಮೈಮೇಲೆ ಜೂಲ, ಕೋಡಿಗೆ ಬಲೂನು ಕಟ್ಟಿಸಿಕೊಂಡ ಹೋರಿ ಅಖಾಡದಲ್ಲಿ ಓಡುವುದು ಕೆಲವೇ ಕ್ಷಣ. ಅಷ್ಟಕ್ಕೆ ವರ್ಷವಿಡೀ ಹುರುಳಿ, ಹಿಂಡಿ, ಮೈ ತಿಕ್ಕುವುದು, ಕೆರೆಗೆ ಹೊಡೆದುಕೊಂಡು ಹೋಗಿ ಈಜಿಸುವುದು. ಹೋರಿಗೊಂದು ಹೆಸರು, ಹೆಸರಿಗೊಂದು ಅಭಿಮಾನಿ ಬಳಗ. ಆ ಬಳಗದ ಹುಡುಗರ ಬೈಕು, ಕಾರು, ಪಿಕಪ್ ಗಾಡಿಯ ಗಾಜಿನ ಮೇಲೆಲ್ಲ ಹೋರಿಯ ಹೆಸರಿನ ಸ್ಟಿಕ್ಕರು. ಅವರನ್ನು ಯಾರೂ ‘ಇದರಿಂದ ಏನು ಗಿಟ್ಟುತ್ತೆ’ ಅಂತ ಕೇಳುವುದಿಲ್ಲ. ನನ್ನನ್ನು ಮಾತ್ರ ಕೇಳುತ್ತಾರೆ.

ನಾನು ಪಿಎಚ್.ಡಿ. ಮಾಡುತ್ತಿರುವವಳು. ಇದು ಐದನೇ ವರ್ಷ. ವಿಷಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಮಾಸ್ತಿಕಲ್ಲುಗಳು. ಸಾಕಿರುವುದು 1997ರ ಬಿಳಿ ಮಾರುತಿ 800, ಕೆಎ 15 ನಂಬರಿನದು. ನನಗಿಂತ ಒಂದು ವರ್ಷಕ್ಕೆ ದೊಡ್ಡದು. ‘ಒಂದು ಮುಗಿಯಲ್ಲ, ಇನ್ನೊಂದು ನಿಲ್ಲಲ್ಲ’ ಎಂದು ಅವ್ವ ಥೀಸಿಸನ್ನೂ ಕಾರನ್ನೂ ಒಂದೇ ಮಾತಲ್ಲಿ ಮುಗಿಸುತ್ತಾಳೆ.

ಕಾರು ಮನೆಗೆ ಬಂದದ್ದು 2004ರಲ್ಲಿ. ಅಪ್ಪ ಸೊರಬ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಮೇಷ್ಟ್ರಾಗಿದ್ದರು. ಶಿಕಾರಿಪುರದಿಂದ ಶಿರಾಳಕೊಪ್ಪ ಹಾದು ಸೊರಬಕ್ಕೆ ಸುಮಾರು ನಲವತ್ತು ಕಿಲೋಮೀಟರು. ಬೆಳಿಗ್ಗೆ ಒಂದು ಬಸ್ಸು, ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು, ಅಲ್ಲಿಂದ ಟ್ರ್ಯಾಕ್ಸಿನ ಹಿಂದೆ ನೇತಾಡಿಕೊಂಡು ಮತ್ತಷ್ಟು ದೂರ. ಸೊರಬದ ಹತ್ತಿರದ ಅಡಿಕೆ ತೋಟದ ಯಜಮಾನರೊಬ್ಬರು ದೊಡ್ಡ ಗಾಡಿ ತೆಗೆದುಕೊಂಡಾಗ ಈ ಕಾರನ್ನು ತೊಂಬತ್ತೈದು ಸಾವಿರಕ್ಕೆ ಅಪ್ಪನಿಗೆ ಕೊಟ್ಟರು. ಸೊಸೈಟಿ ಸಾಲ ತೀರಲು ನಾಲ್ಕು ವರ್ಷ ಹಿಡಿಯಿತು. ನಮ್ಮ ಬೀದಿಗೆ ಅದೇ ಮೊದಲ ಕಾರು. ಹಾಗಾಗಿ ಅದು ನಮ್ಮದೊಂದೇ ಮನೆಯ ಕಾರಾಗಿ ಉಳಿಯಲಿಲ್ಲ. ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು, ಎದೆನೋವು ಅಂದವರನ್ನು, ಹಾವು ಕಚ್ಚಿದವರನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮುಟ್ಟಿಸಿದೆ. ಬೀದಿಯಲ್ಲಿ ಈಗ ಕಾಲೇಜಿಗೆ ಹೋಗುವ ಇಬ್ಬರು ಹುಡುಗರು ಹುಟ್ಟುವ ಮೊದಲೇ ಈ ಕಾರಿನಲ್ಲಿ ಪ್ರಯಾಣ ಮಾಡಿದವರು. ಅವರಲ್ಲಿ ಒಬ್ಬ ಈಗ ಇದನ್ನು ‘ಡಬ್ಬಿ’ ಅನ್ನುತ್ತಾನೆ.

ಡಬ್ಬಿ ಅನ್ನುವುದರಲ್ಲಿ ಸುಳ್ಳೇನಿಲ್ಲ. ಕಾರಿನ ತೂಕ ಆರುನೂರೈವತ್ತು ಕಿಲೋ ಆಸುಪಾಸು. ಚಕ್ರ ಹನ್ನೆರಡು ಇಂಚಿನದು. ಮೂರು ಸಿಲಿಂಡರಿನ 796 ಸಿಸಿ ಇಂಜಿನ್ನು, ಮೂವತ್ತೇಳು ಕುದುರೆಶಕ್ತಿ, ನಾಲ್ಕು ಗಿಯರು, ಟ್ಯಾಂಕಿಗೆ ಇಪ್ಪತ್ತೆಂಟು ಲೀಟರು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ ಕಾರಿನ ಕೀಲಿ ಕೊಟ್ಟರು. 2014ರ ಜನವರಿಯಲ್ಲಿ 800ರ ತಯಾರಿಕೆ ನಿಂತಿತು. ಮೂವತ್ತು ವರ್ಷ ಒಂದೇ ಹೆಸರಿನ ಕಾರು. ಅದಕ್ಕೂ ಮುಂಚೆ ನಮ್ಮಲ್ಲಿ ಕಾರು ಅಂದರೆ ಅಂಬಾಸಿಡರ್ ಇಲ್ಲವೇ ಫಿಯಟ್. ಮಲೆನಾಡಿನ ಒಳಗಿನ ಜಮೀನುದಾರರಿಗೆ ಜೀಪು. ಕಾರಿನ ಜೊತೆ ಡ್ರೈವರನ್ನೂ ಸಾಕಬೇಕಿದ್ದ ಕಾಲ ಅದು. ಮೇಷ್ಟ್ರು, ಗುಮಾಸ್ತರು, ಎಲ್.ಐ.ಸಿ. ಏಜೆಂಟರು ತಾವೇ ಕಾರು ಓಡಿಸಿಕೊಂಡು ಹೋಗಬಹುದು ಅನ್ನುವುದನ್ನು ಈ ಡಬ್ಬಿಯೇ ತೋರಿಸಿಕೊಟ್ಟದ್ದು.

ಅದು ತೋರಿಸಿಕೊಟ್ಟ ಇನ್ನೊಂದು ಸಂಗತಿಯೂ ಇದೆ. ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಗಾಳಿ ಎಲ್ಲಿಂದ ಒಳಗೆ ಹೋಗುತ್ತದೆ, ಪೆಟ್ರೋಲು ಯಾವ ಪೈಪಿನಲ್ಲಿ ಬರುತ್ತದೆ, ಎರಡೂ ಕಾರ್ಬೊರೇಟರಿನಲ್ಲಿ ಹೇಗೆ ಸೇರುತ್ತವೆ, ಕಿಡಿ ಎಲ್ಲಿಂದ ಹೊರಟು ಯಾವ ಪ್ಲಗ್ಗಿಗೆ ಹೋಗುತ್ತದೆ ಎಂಬುದನ್ನೆಲ್ಲ ಬೆರಳಿಟ್ಟು ತೋರಿಸಬಹುದು. ಕೈ ಹಾಕಲು ಜಾಗವಿದೆ. ಹತ್ತು, ಹನ್ನೆರಡು, ಹದಿನಾಲ್ಕು, ಹದಿನೇಳರ ಪಾನಗಳು, ಒಂದು ಕಟಿಂಗ್ ಪ್ಲೇಯರು, ಎರಡು ಸ್ಕ್ರೂಡ್ರೈವರು, ಒಂದು ಫೀಲರ್ ಗೇಜು ಇದ್ದರೆ ಮುಕ್ಕಾಲು ಕೆಲಸ ಮನೆ ಮುಂದೆಯೇ ಆಗುತ್ತದೆ. ಅಪ್ಪ ಇವನ್ನೆಲ್ಲ ಬಿಸ್ಕೆಟ್ಟಿನ ತಗಡಿನ ಡಬ್ಬದಲ್ಲಿಟ್ಟಿದ್ದರು. ಈಗಲೂ ಅಲ್ಲೇ ಇವೆ. ಸಾಮಾನು ಸಿಗುವುದೂ ಕಷ್ಟವಿಲ್ಲ. ಇದೇ 796 ಸಿಸಿ ಇಂಜಿನ್ನಿನ ಓಮ್ನಿ ವ್ಯಾನುಗಳು 2019ರವರೆಗೂ ತಯಾರಾಗುತ್ತಿದ್ದವು, ನಮ್ಮ ಸೀಮೆಯ ತರಕಾರಿಯವರು, ಶಾಮಿಯಾನದವರು, ಶಾಲೆ ಮಕ್ಕಳನ್ನು ಬಿಡುವವರು ಈಗಲೂ ಅವನ್ನೇ ಓಡಿಸುತ್ತಿದ್ದಾರೆ. ಪ್ಯಾಕಿಂಗ್, ಫಿಲ್ಟರು, ಕ್ಲಚ್ ಪ್ಲೇಟು ಏನು ಬೇಕಿದ್ದರೂ ಶಿವಮೊಗ್ಗದ ಬಸ್ಸಿನ ಕಂಡಕ್ಟರ ಕೈಯಲ್ಲಿ ಸಂಜೆಗೆ ಬಂದು ಸೇರುತ್ತದೆ.

ನಾನು ಕೆಲಸ ಕಲಿತದ್ದು ಶಿರಾಳಕೊಪ್ಪದ ಒಂದು ಗ್ಯಾರೇಜಿನಲ್ಲಿ. ಅಪ್ಪನ ಕಾರನ್ನು ಮೊದಲಿನಿಂದ ನೋಡಿಕೊಂಡವರು ಅಲ್ಲಿನ ಮೇಸ್ತ್ರಿ. ಹುಡುಗರೆಲ್ಲ ಅವರನ್ನು ಉಸ್ತಾದ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರು ನನ್ನನ್ನು ಕರೆಯುವುದು ‘ಮೇಷ್ಟ್ರ ಮಗಳು’ ಅಂತ. ಮೊದಲ ಸಲ ನಾನು ಪಾನಕ್ಕೆ ಕೈ ಹಾಕಿದಾಗ ಅವರು ಬೇಡ ಅನ್ನಲಿಲ್ಲ, ಹೊಗಳಲೂ ಇಲ್ಲ. ‘ಬಳೆ ತೆಗದಿಡು, ಬ್ಯಾಟರಿ ಹತ್ರ ತಾಗಿದ್ರೆ ಸುಟ್ಟುಬಿಡ್ತದೆ’ ಅಂದರು. ಆ ಗ್ಯಾರೇಜಿನಲ್ಲಿ ನಾನು ಹೆಣ್ಣುಮಗಳು ಎಂಬ ಬಗ್ಗೆ ನಡೆದ ಮಾತು ಅಷ್ಟೇ. ಪಕ್ಕದ ಟೀ ಅಂಗಡಿಯಲ್ಲಿ ನಡೆದದ್ದು ಬೇರೆ, ಅದು ಇಲ್ಲಿ ಬೇಡ.

ಉಸ್ತಾದರು ಮೊದಲು ಕಲಿಸಿದ್ದು ಕೇಳುವುದನ್ನು. ಇಂಜಿನ್ನು ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿನ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಡಾಕ್ಟರರ ಸ್ಟೆತಾಸ್ಕೋಪಿನ ಹಾಗೆ ಒಳಗಿನ ಸದ್ದು ಕೇಳುತ್ತದೆ. ಕವಾಟಗಳನ್ನು ಒತ್ತುವ ರಾಕರಿಗೂ ಕವಾಟಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಬಿಸಿಯಾದಾಗ ಲೋಹ ಹಿಗ್ಗುತ್ತದಲ್ಲ, ಅದಕ್ಕೆ. ಸಂದು ಜಾಸ್ತಿಯಾದರೆ ಟಕಟಕ ಅನ್ನುತ್ತದೆ. ಕಡಿಮೆಯಾದರೆ ಸದ್ದೇ ಬರುವುದಿಲ್ಲ, ಆದರೆ ಕವಾಟ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ‘ಸದ್ದು ಮಾಡೋ ಟ್ಯಾಪೆಟ್ಟಿಗೆ ಹೆದರಬೇಡ, ಸದ್ದು ಮಾಡದೇ ಇರೋದಕ್ಕೆ ಹೆದರು’ ಎಂಬುದು ಅವರ ಮಾತು. ಗೇಜಿನ ತೆಳು ಹಾಳೆಯನ್ನು ಸಂದಿನಲ್ಲಿ ತೂರಿಸಿ ಎಳೆದರೆ ಬೆಣ್ಣೆಯಲ್ಲಿ ಚಾಕು ಎಳೆದಷ್ಟು ಹಿಡಿತ ಇರಬೇಕು. ಪುಸ್ತಕದಲ್ಲಿ ಅಂಕಿ ಇದೆ. ಆ ಹಿಡಿತ ಹೇಗಿರುತ್ತದೆ ಅನ್ನುವುದು ಪುಸ್ತಕದಲ್ಲಿಲ್ಲ.

ಆಮೇಲೆ ಪ್ಲಗ್ಗು ಓದುವುದು. ಬಿಚ್ಚಿ ತೆಗೆದ ಪ್ಲಗ್ಗಿನ ತುದಿ ಚಹಾದ ಬಣ್ಣದಲ್ಲಿದ್ದರೆ ಎಲ್ಲ ಸರಿಯಿದೆ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಜಾಸ್ತಿ ಹೋಗುತ್ತಿದೆ. ಎಣ್ಣೆ ಜಿಡ್ಡಿದ್ದರೆ ಒಳಗೆ ರಿಂಗು ಸವೆದಿದೆ, ಖರ್ಚಿಗೆ ತಯಾರಾಗಬೇಕು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಇಂಜಿನ್ನು ಕಾಯುತ್ತಿದೆ. ಮೂರು ಸಿಲಿಂಡರಿನಲ್ಲಿ ಒಂದು, ಮೂರು, ಎರಡು ಎಂಬ ಕ್ರಮದಲ್ಲಿ ಕಿಡಿ ಹಾರುತ್ತದೆ. ಗಾಡಿ ಮಿಸ್ಸಿಂಗ್ ಹೊಡೆಯುತ್ತಿದ್ದರೆ ಒಂದೊಂದೇ ಪ್ಲಗ್ಗಿನ ವೈರು ಕಿತ್ತು ನೋಡಬೇಕು. ಯಾವುದನ್ನು ಕಿತ್ತಾಗ ಇಂಜಿನ್ನಿನ ಓಟದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲವೋ ಅದೇ ಕೆಲಸ ಮಾಡದ ಸಿಲಿಂಡರು. ಇಷ್ಟು ಕಲಿಯುವ ಹೊತ್ತಿಗೆ ಎರಡು ಮಳೆಗಾಲ ಕಳೆದಿದ್ದವು.

ಇದನ್ನೆಲ್ಲ ಕಲಿತದ್ದು ಹವ್ಯಾಸಕ್ಕೋ ಅಗತ್ಯಕ್ಕೋ ಅಂತ ಕೇಳಿದರೆ ಮೊದಲು ಅಗತ್ಯಕ್ಕೆ ಅನ್ನಬೇಕು. ಶಾಸನಗಳ ಮೇಲೆ ಕೆಲಸ ಮಾಡುವವರಿಗೆ ಗೊತ್ತಿರುವ ಹಾಗೆ ನಮ್ಮ ಎರಡು ತಾಲ್ಲೂಕುಗಳು ಕಲ್ಲಿನ ಕಣಜ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೇ ಸಂಪುಟದಲ್ಲಿ ಶಿಕಾರಿಪುರ ತಾಲ್ಲೂಕು ಬರುತ್ತದೆ, ಎಂಟನೆಯದರಲ್ಲಿ ಸೊರಬ. ಒಂದು ಬಂದದ್ದು 1902ರಲ್ಲಿ, ಇನ್ನೊಂದು 1904ರಲ್ಲಿ. ತಾಳಗುಂದದ ಕದಂಬರ ಕಂಬವನ್ನು ಅವರು ಗುರುತಿಸಿದ್ದು 1894ರಲ್ಲಿ, ಈ ಸೀಮೆಗೆ ಕಾರು ಅನ್ನುವುದೇ ಬಂದಿರದ ಕಾಲದಲ್ಲಿ. ತಾಳಗುಂದ, ಬಳ್ಳಿಗಾವಿಗೆ ಶಿರಾಳಕೊಪ್ಪದಿಂದ ಆಟೋ ಸಿಗುತ್ತದೆ. ಆದರೆ ನನ್ನ ಕಲ್ಲುಗಳು ಇರುವುದು ದೊಡ್ಡ ದೇವಸ್ಥಾನದ ಅಂಗಳದಲ್ಲಲ್ಲ. ಕೆರೆ ಏರಿಯ ಮೇಲೆ, ಗದ್ದೆ ಬದುವಿನಲ್ಲಿ, ಮನೆ ಹಿತ್ತಲಿನಲ್ಲಿ, ಶುಂಠಿ ಹಾಕಲು ನೆಲ ಹಸನು ಮಾಡಿದಾಗ ಪಕ್ಕಕ್ಕೆ ತಳ್ಳಿದ ಕಲ್ಲಿನ ರಾಶಿಯಲ್ಲಿ. ಆನವಟ್ಟಿಯ ಆಚೆ, ಚಂದ್ರಗುತ್ತಿಯ ಈಚೆ, ಬೆಳಿಗ್ಗೆ ಒಂದು ಬಸ್ಸು ಸಂಜೆ ಒಂದು ಬಸ್ಸು ಇರುವ ಊರುಗಳಲ್ಲಿ. ಕಾರು ಬಾಡಿಗೆಗೆ ಹಿಡಿದರೆ ದಿನಕ್ಕೆ ಎರಡೂವರೆ ಸಾವಿರ. ಫೆಲೋಶಿಪ್ಪು ಬರುತ್ತಿದ್ದ ದಿನಗಳಲ್ಲೂ ಅದು ಆಗದ ಮಾತು. ಅದು ನಿಂತ ಮೇಲಂತೂ ಕೇಳುವುದೇ ಬೇಡ. ಗ್ಯಾರೇಜಿಗೆ ಕೊಡುವ ಕೂಲಿಯನ್ನು ಉಳಿಸಿದರೆ ಆ ಹಣದಲ್ಲಿ ತಿಂಗಳಿಗೆ ಇನ್ನೆರಡು ಊರು ನೋಡಬಹುದು. ಲೆಕ್ಕ ಇಷ್ಟು ಸರಳ.

ಕಾರು ಮಾಡಿಕೊಟ್ಟ ಇನ್ನೊಂದು ಉಪಕಾರ ಈ ಲೆಕ್ಕದಲ್ಲಿರಲಿಲ್ಲ. ಮಾಸ್ತಿಕಲ್ಲು ಹುಡುಕಿಕೊಂಡು ಹೋದವರು ಮೊದಲು ಎದುರಾಗುವುದು ಊರ ಗಂಡಸರಿಗೆ. ಹೊಂಡದ ಹತ್ತಿರವೋ ಪಂಚಾಯ್ತಿ ಕಟ್ಟೆಯ ಮೇಲೋ ಕೂತವರಿಗೆ ವಿಶ್ವವಿದ್ಯಾಲಯದ ಪತ್ರ ತೋರಿಸಿ, ನಿಮ್ಮೂರಲ್ಲಿ ಮಾಸ್ತಿಕಲ್ಲು ಇದೆಯೇ ಅಂತ ಕೇಳಿದರೆ ‘ಇಲ್ಲಿ ಅಂಥವು ಏನಿಲ್ಲ, ಮುಂದಿನೂರಿಗೆ ಹೋಗಿ’ ಅನ್ನುತ್ತಾರೆ. ಪತ್ರ ಅಂದರೆ ಸರ್ವೆಯೋ, ಜಾಗ ಬಿಡಿಸುವವರೋ ಎಂಬ ಅನುಮಾನ. ಆನವಟ್ಟಿ ಕಡೆಯ ಒಂದು ಊರಿನಲ್ಲಿ ಹಾಗೆ ಉತ್ತರ ಕೇಳಿಸಿಕೊಂಡು ಹಿಂತಿರುಗುವಾಗ ಕಾರು ಎರಡು ಸಲ ಕೆಮ್ಮಿ ನಿಂತಿತು. ಆಗಸ್ಟ್ ತಿಂಗಳು, ಜಿಟಿಜಿಟಿ ಮಳೆ. ಬಾನೆಟ್ ಎತ್ತಿ, ಪೆಟ್ರೋಲು ಫಿಲ್ಟರನ್ನು ಬಿಚ್ಚಿ ಊದುತ್ತಿದ್ದೆ. ಗಂಡಸರು ದೂರದಿಂದ ‘ಪೆಟ್ರೋಲ್ ಐತೇನು ನೋಡ್ರಿ’ ಅಂತ ಸಲಹೆ ಕೊಟ್ಟರು. ಹತ್ತಿರ ಬಂದವರು ಹೆಂಗಸರು. ಒಬ್ಬ ಅಜ್ಜಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಪಕ್ಕದಲ್ಲೇ ನಿಂತು, ನಾನು ಪೈಪಿನ ಮೆತ್ತಗಾದ ತುದಿಯನ್ನು ಕತ್ತರಿಸಿ ಕ್ಲಿಪ್ಪು ಬಿಗಿಯುವವರೆಗೂ ಬಾಯಿ ಬಿಡದೆ ನೋಡಿದಳು.

‘ಯಾವೂರವ್ವಾ?’

‘ಶಿಕಾರಿಪುರ ಅಜ್ಜಿ.’

‘ಕೈ ಎಲ್ಲ ಮಸಿ ಮಾಡ್ಕಂಡಿದೀಯ. ಬಾ, ತೊಳ್ಕ ಬಾ.’

ಅವಳ ಮನೆಯ ಹಿತ್ತಲಲ್ಲಿ ಸೀಗೆಪುಡಿ ಹಾಕಿ ಕೈ ಉಜ್ಜಿಕೊಳ್ಳುತ್ತ ಯಾಕೆ ಬಂದೆ ಅಂತ ಹೇಳಿದೆ. ಕಲ್ಲಿನ ಕಂಬ, ಕಂಬದಿಂದ ಹೊರಟ ಒಂದು ತೋಳು, ತೋಳಿಗೆ ಬಳೆ, ಕೈಯಲ್ಲಿ ನಿಂಬೆಹಣ್ಣು ಎಂದು ಮಾಸ್ತಿಯ ಚಿತ್ರ ಬಿಡಿಸಿ ಹೇಳಿದೆ. ಅಜ್ಜಿ ನಕ್ಕಳು. ‘ಅದು ಕಲ್ಲು ಅಂತ ಕೇಳಿದ್ರೆ ಯಾರು ಹೇಳ್ತಾರೆ? ಅಮ್ಮ ಅದಾಳೆ.’ ಬಾಳೆಗಿಡಗಳ ಹಿಂದೆ, ಅರಿಶಿನ ಕುಂಕುಮ ಮೆತ್ತಿಕೊಂಡು ಅಮ್ಮ ನಿಂತಿದ್ದಳು. ಗಂಡಸರು ಸುಳ್ಳು ಹೇಳಿರಲಿಲ್ಲ. ಅವರ ಊರಿನಲ್ಲಿ ಕಲ್ಲಿರಲಿಲ್ಲ, ಹೆಂಗಸರ ಊರಿನಲ್ಲಿ ಅಮ್ಮ ಇದ್ದಳು. ಆವತ್ತಿನಿಂದ ನಾನು ಊರಿಗೆ ಹೋದಾಗ ಮೊದಲು ಕಾರಿನ ರೇಡಿಯೇಟರಿಗೆ ನೀರು ಕೇಳುತ್ತೇನೆ, ಹೆಂಗಸರು ಇರುವ ಮನೆಯಲ್ಲಿ. ಮಾತು ಅಲ್ಲಿಂದ ಶುರುವಾಗುತ್ತದೆ. ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಇದನ್ನು ಹೇಗೆ ಬರೆಯಬೇಕು ಅನ್ನುವುದು ಗೈಡರ ಜೊತೆ ಇನ್ನೂ ಚರ್ಚೆಯಲ್ಲಿದೆ.

ಆ ದಿನ ಮೆತ್ತಗಾಗಿದ್ದ ಪೈಪಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈಗ ಹಳೆಯ ಕಾರು ಸಾಕುವವರ ಮುಖ್ಯ ಚಿಂತೆ ಅದೇ. ಬಂಕಿನಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಇದಕ್ಕೆ ಮೊದಲು 2030ರ ಗುರಿ ಇಟ್ಟಿದ್ದರು, ಆಮೇಲೆ ಅದನ್ನು 2025ಕ್ಕೆ ಎಳೆದು ತಂದರು. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ಪೈಪು, ವಾಷರುಗಳು ಇದನ್ನು ತಡೆದುಕೊಳ್ಳುವ ಹಾಗೆ ಇರುತ್ತವೆ. 1997ರ ಕಾರಿನ ರಬ್ಬರಿಗೆ ಇದು ಹೊಸ ಪರಿಚಯ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ, ಆಮೇಲೆ ಅದು ಪುಡಿಪುಡಿಯಾಗಿ ಫಿಲ್ಟರಿಗೆ ಬಂದು ಕೂರುತ್ತದೆ. ಪೆಟ್ರೋಲು ಪಂಪಿನೊಳಗಿನ ರಬ್ಬರು ಪದರ, ಕಾರ್ಬೊರೇಟರಿನೊಳಗಿನ ಸಣ್ಣ ಪ್ಯಾಕಿಂಗುಗಳು ಎಲ್ಲಕ್ಕೂ ಅದೇ ಗತಿ. ಎಥನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದು. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕು ಪೆಟ್ರೋಲು ಹಾಕಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗೆ ತುಕ್ಕಿಗೆ ದಾರಿ ಮಾಡಿಕೊಟ್ಟಂತೆ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟು ಮಾತ್ರ, ಹಾಗಾಗಿ ಮೈಲೇಜೂ ಇಳಿಯುತ್ತದೆ. ಹೊಸ ಕಾರಿನ ಕಂಪ್ಯೂಟರು ಹೊಗೆಯನ್ನು ಅಳೆದು ಇಂಧನವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಬುದ್ಧಿಯಿಲ್ಲ. ಅದು ಹಳೆಯ ಅಳತೆಯಲ್ಲೇ ಬಡಿಸುತ್ತದೆ, ಇಂಜಿನ್ನು ಅರೆಹೊಟ್ಟೆಯಲ್ಲಿ ಓಡಿ ಕಾಯುತ್ತದೆ. ಪ್ಲಗ್ಗು ಬಿಚ್ಚಿದರೆ ಸುಣ್ಣದ ಬಣ್ಣ.

ವಿಚಿತ್ರವೆಂದರೆ ಎಥನಾಲನ್ನು ಈಗ ಕಬ್ಬಿನಿಂದ ಮಾತ್ರವಲ್ಲ, ಮೆಕ್ಕೆಜೋಳದಿಂದಲೂ ಮಾಡುತ್ತಾರೆ. ಶಿಕಾರಿಪುರ ತಾಲ್ಲೂಕು ಮೆಕ್ಕೆಜೋಳದ ಸೀಮೆ. ಸುಗ್ಗಿಯಲ್ಲಿ ರಸ್ತೆಯ ಅರ್ಧ ಭಾಗದ ಮೇಲೆ ಜೋಳ ಒಣಗುತ್ತಿರುತ್ತದೆ. ಕಾರು ಉಳಿದರ್ಧದಲ್ಲಿ ನುಸುಳಬೇಕು. ನಮ್ಮ ದೊಡ್ಡಪ್ಪನೂ ಜೋಳ ಬೆಳೆಯುವವರೇ. ‘ನಿನ್ನ ಕಾರಿಗೆ ಅಜೀರ್ಣ ಆದ್ರೆ ಆಗ್ಲಿ ಬಿಡವ್ವಾ, ನಮಗೆ ಕ್ವಿಂಟಾಲಿಗೆ ನಾಕು ಕಾಸು ಜಾಸ್ತಿ ಸಿಕ್ಕರೆ ಸಾಕು’ ಅಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ, ಇರಬೇಕಾಗಿಯೂ ಇಲ್ಲ. ನಾನು ಮಾಡಬಹುದಾದ ಕೆಲಸ ಬೇರೆ ಇತ್ತು. ಹಳೆಯ ರಬ್ಬರು ಪೈಪುಗಳನ್ನೆಲ್ಲ ಬಿಚ್ಚಿ, ಈಗಿನ ಗಾಡಿಗಳಿಗೆ ಬರುವ ಗಟ್ಟಿ ಪೈಪು ಮೀಟರಿನ ಲೆಕ್ಕದಲ್ಲಿ ತಂದು ಹಾಕಿದೆ. ಕಾರ್ಬೊರೇಟರು ಇಳಿಸಿ, ಬಿಳಿ ಬಟ್ಟೆ ಹಾಸಿ, ಒಂದೊಂದೇ ತಿರುಪು ಬಿಚ್ಚಿದ ಕ್ರಮದಲ್ಲೇ ಜೋಡಿಸಿಟ್ಟು, ಪ್ಯಾಕಿಂಗ್ ಕಿಟ್ಟು ಪೂರ್ತಿ ಬದಲಾಯಿಸಿದೆ. ಎರಡು ದಿನದ ಕೆಲಸ. ಪೈಪು, ಕಿಟ್ಟು, ಪಂಪು ಸೇರಿ ಎರಡು ಸಾವಿರದ ಮುನ್ನೂರು ರೂಪಾಯಿ. ಮಳೆಗಾಲದಲ್ಲಿ ಟ್ಯಾಂಕು ತುಂಬಿಸಿಯೇ ಇಡುವುದು, ಇಲ್ಲವೇ ಬರಿದು ಮಾಡುವುದು ಎಂಬ ನಿಯಮ ಮಾಡಿಕೊಂಡೆ.

ಕಾರು ಪ್ರೇಮಿಗಳು ಅಂದರೆ ಸಾಮಾನ್ಯವಾಗಿ ನೆನಪಿಗೆ ಬರುವವರು ಬೇರೆ. ಧರ್ಮಸ್ಥಳದ ಕಾರುಗಳ ಸಂಗ್ರಹವನ್ನು ಶಾಲೆಯ ಪ್ರವಾಸದಲ್ಲಿ ನೋಡಿದ್ದೆ. ಶ್ರೀರಂಗಪಟ್ಟಣದ ಹತ್ತಿರ ಹೆಗ್ಗಡೆಯವರೇ ಮಾಡಿಸಿದ ‘ಪಯಣ’ ಸಂಗ್ರಹಾಲಯಕ್ಕೆ ಸೆಮಿನಾರಿಗೆ ಹೋದಾಗ ಹೋಗಿಬಂದೆ. ಕನ್ನಡಿಯ ಹಾಗೆ ಹೊಳೆಯುವ ಕಾರುಗಳು, ನೋಡಿದಷ್ಟೂ ಸಾಲದು. ಮಹಾನಗರದಲ್ಲಿ ಹಳೆಯ ಕಾರುಗಳನ್ನು ಲಕ್ಷಗಟ್ಟಲೆ ಸುರಿದು ಹೊಸದರಂತೆ ಮಾಡಿ ಭಾನುವಾರ ಮೆರವಣಿಗೆ ಹೊರಡುವವರಿದ್ದಾರೆ. ಅವರ ಪ್ರೀತಿ ಸುಳ್ಳಲ್ಲ. ಆದರೆ ನಮ್ಮಲ್ಲಿನ ಪ್ರೀತಿ ಸೋಮವಾರದ್ದು. ಸೋಮವಾರ ಬೆಳಿಗ್ಗೆ ಸೆಲ್ಫ್ ಹೊಡೆದಾಗ ಗಾಡಿ ಎದ್ದರೆ ಸಾಕು. ಆಯುಧಪೂಜೆಯ ದಿನ ಹುಚ್ಚರಾಯಸ್ವಾಮಿ ದೇವಸ್ಥಾನದ ಕಡೆ ಹೋದರೆ ನಮ್ಮೂರಿನ ಕಾರು ಪ್ರೇಮಿಗಳೆಲ್ಲ ಕಾಣುತ್ತಾರೆ. ಬಾಳೆಕಂದು ಕಟ್ಟಿಕೊಂಡ ಓಮ್ನಿ, ಚೆಂಡುಹೂವಿನ ಹಾರ ಹಾಕಿಕೊಂಡ ಸುಮೊ, ಬೂದುಗುಂಬಳ ಒಡೆಸಿಕೊಳ್ಳಲು ಕಾದು ನಿಂತ ಟ್ರ್ಯಾಕ್ಸು. ಒಬ್ಬರ ಗಾಡಿಯ ಸುದ್ದಿ ಇನ್ನೊಬ್ಬರು ವಿಚಾರಿಸುತ್ತಾರೆ. ‘ಕ್ಲಚ್ ಹಾಕ್ಸಿದ್ಯಾ?’, ‘ಹೀಟ್ ಆಗೋದು ನಿಂತ್ತಾ?’ ಮನೆಯವರ ಆರೋಗ್ಯ ಕೇಳುವ ಧಾಟಿಯಲ್ಲೇ.

ಉಸ್ತಾದರ ಗ್ಯಾರೇಜಿನಲ್ಲಿ ಈಗ ಹುಡುಗರಿಲ್ಲ. ಮೊದಲು ನಾಲ್ವರಿದ್ದರು. ಪಾನ ಕೊಡುವುದರಿಂದ ಶುರುಮಾಡಿ ಐದಾರು ವರ್ಷಕ್ಕೆ ಕೈ ಕುದುರಿ ತಾವೇ ಗ್ಯಾರೇಜು ಹಾಕುತ್ತಿದ್ದರು. ಈಗಿನ ಹುಡುಗರು ಬೆಂಗಳೂರಿಗೆ ಹೋಗಿ ಮನೆಮನೆಗೆ ಸಾಮಾನು ಮುಟ್ಟಿಸುತ್ತಾರೆ, ಮೊದಲ ತಿಂಗಳಿನಿಂದಲೇ ದುಡ್ಡು. ಬರುವ ಕಾರುಗಳೂ ಬದಲಾಗಿವೆ. ಬಾನೆಟ್ ತೆಗೆದರೆ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ, ಅದರ ಕೆಳಗೆ ವೈರುಗಳ ಕಾಡು. ದೀಪ ಹತ್ತಿದರೆ ಸ್ಕ್ಯಾನರು ಚುಚ್ಚಬೇಕು, ಸ್ಕ್ಯಾನರು ತೋರಿಸುವ ಕೋಡಿಗೆ ತಕ್ಕ ಭಾಗವನ್ನೇ ಬದಲಾಯಿಸಬೇಕು. ಅವು ಒಳ್ಳೆಯ ಕಾರುಗಳು. ಹೊಗೆ ಕಡಿಮೆ, ಡಿಕ್ಕಿಯಾದರೆ ಒಳಗಿದ್ದವರು ಉಳಿಯುತ್ತಾರೆ. ನಮ್ಮ ಡಬ್ಬಿಯಲ್ಲಿ ಏರ್‌ಬ್ಯಾಗೂ ಇಲ್ಲ, ಒಂದು ಗಟ್ಟಿ ಬಾಗಿಲೂ ಇಲ್ಲ. ಹಾಗಾಗಿ ನಾನು ಐವತ್ತು ದಾಟುವುದಿಲ್ಲ. ಇದನ್ನು ಮರೆತು ಹಳೆಯದೇ ಚಂದ ಅಂತ ಹಾಡುವುದರಲ್ಲಿ ಅರ್ಥವಿಲ್ಲ. ಆದರೆ ಸ್ಕ್ರೂಡ್ರೈವರನ್ನು ಕಿವಿಗಿಟ್ಟು ರೋಗ ಹೇಳುತ್ತಿದ್ದ ಮನುಷ್ಯ ಅರವತ್ತೆರಡನೇ ವಯಸ್ಸಿನಲ್ಲಿ ಸ್ಕ್ಯಾನರು ಕೊಳ್ಳಲು ಸಾಲ ಮಾಡಬೇಕೇ, ಗ್ಯಾರೇಜು ಮುಚ್ಚಬೇಕೇ ಅಂತ ಯೋಚಿಸುತ್ತಿರುವುದನ್ನು ನಾನು ಹತ್ತಿರದಿಂದ ನೋಡುತ್ತಿದ್ದೇನೆ. ಅವರಿಗೆ ಗೊತ್ತಿರುವ ಯಾವುದೂ ಎಲ್ಲೂ ಬರೆದಿಲ್ಲ. ಕಲ್ಲಿನ ಮೇಲೆ ಬರೆದದ್ದನ್ನು ನೂರಿಪ್ಪತ್ತು ವರ್ಷದ ಹಿಂದೆ ಯಾರೋ ಬಂದು ನಕಲು ಮಾಡಿಕೊಂಡು ಹೋದರು. ಇದಕ್ಕೆ ಅಂಥವರು ಬರುವುದಿಲ್ಲ. ನನ್ನ ಕ್ಷೇತ್ರಕಾರ್ಯದ ನೋಟುಬುಕ್ಕಿನ ಹಿಂದಿನ ಪುಟಗಳಲ್ಲಿ ಅವರು ಹೇಳಿದ್ದನ್ನು ಬರೆಯುತ್ತ ಬಂದಿದ್ದೇನೆ. ಮುಂದಿನಿಂದ ಮಾಸ್ತಿಕಲ್ಲು, ಹಿಂದಿನಿಂದ ಮಾರುತಿ. ಎರಡೂ ಸೇರಲು ಇನ್ನು ಇಪ್ಪತ್ತು ಪುಟ ಉಳಿದಿವೆ.

ಈಗ ಮನೆಯಲ್ಲಿ 2027ರ ಮಾತು ನಡೆಯುತ್ತಿದೆ. ಖಾಸಗಿ ಕಾರಿನ ನೋಂದಣಿಗೆ ಹದಿನೈದು ವರ್ಷದ ಆಯುಸ್ಸು, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಫಾರಂ 25 ತುಂಬಿ, ಹಸಿರು ತೆರಿಗೆ ಕಟ್ಟಿ, ಗಾಡಿಯನ್ನು ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಬೇಕು. ಮೊದಲು ನವೀಕರಣ ಶುಲ್ಕ ಆರುನೂರು ರೂಪಾಯಿ ಇತ್ತು. 2022ರ ಏಪ್ರಿಲಿನಿಂದ ಐದು ಸಾವಿರವಾಯಿತು. ಆ ವರ್ಷ ನಮ್ಮದು ಅಷ್ಟು ಕೊಟ್ಟೇ ಪಾಸಾಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ ಹತ್ತು ಸಾವಿರ ಮಾಡಿದ್ದಾರೆ. ದೆಹಲಿಯ ಹಾಗೆ ಇಷ್ಟು ವರ್ಷವಾದರೆ ಓಡಿಸಲೇಬಾರದು ಎಂಬ ನಿಯಮ ನಮ್ಮಲ್ಲಿಲ್ಲ, ನಿಜ. ಆದರೆ ಗುಜರಿಯವನು ಹೇಳಿದ್ದು ಇಪ್ಪತ್ತೆರಡು ಸಾವಿರ. ಬಾಗಿಲಿನ ಅಡಿಯ ತುಕ್ಕಿಗೆ ಟಿಂಕರಿಂಗು, ಬಣ್ಣ, ನಾಲ್ಕು ಟಯರು, ಶುಲ್ಕ ಎಲ್ಲ ಸೇರಿ ಖರ್ಚು ಅದರ ಎರಡರಷ್ಟು. ‘ಇಷ್ಟು ದುಡ್ಡು ಸುರಿಯೋದು ಯಾವ ಶಾಸ್ತ್ರ?’ ಅಂತ ಭಾವ ಕೇಳಿದರು. ಅವ್ವ ಒಳಗಿನಿಂದಲೇ, ‘ಅವಳ ಮದುವೆಗೆ ಇಟ್ಟಿರೋದ್ರಲ್ಲಿ ಮುಟ್ಟಂಗಿಲ್ಲ’ ಅಂದಳು.

ಅಪ್ಪ ಈ ಚರ್ಚೆಯಲ್ಲಿ ಮಾತಾಡುವುದಿಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಮೂರು ವರ್ಷವಾಯಿತು, ಸ್ಟೀರಿಂಗ್ ಹಿಡಿಯುವುದನ್ನು ಅವರೇ ಬಿಟ್ಟರು. ಪೇಪರಿನ ಅಕ್ಷರ ಕಾಣುವುದಿಲ್ಲ. ನಾನು ಬೆಳಿಗ್ಗೆ ಕಾರು ಸ್ಟಾರ್ಟು ಮಾಡಿದಾಗ ಜಗಲಿಯ ಮೇಲಿಂದ ಹೇಳುತ್ತಾರೆ: ‘ಎರಡನೇ ಸಿಲಿಂಡರ್ ಸ್ವಲ್ಪ ತಡವರಸ್ತಾ ಐತಿ ನೋಡವ್ವಾ.’ ಬಿಚ್ಚಿ ನೋಡಿದರೆ ಎರಡನೇ ಪ್ಲಗ್ಗಿನ ತುದಿಗೆ ಮಸಿ ಕೂತಿರುತ್ತದೆ. ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯನಿಗೆ ಈಗ ತನಗೆ ಇನ್ನೂ ಗೊತ್ತಿದೆ ಅನ್ನಿಸುವ ವಿಷಯ ಮನೆಯಲ್ಲಿ ಬೇರೆ ಯಾವುದಿದೆ? ಗುಜರಿಯವನ ಲೆಕ್ಕದಲ್ಲಿ ಇದಕ್ಕೊಂದು ಕಾಲಂ ಇಲ್ಲ. ನನ್ನ ಲೆಕ್ಕದಲ್ಲಿದೆ.

ಹಾಗಾಗಿ ಎರಡು ಹೊತ್ತು ಬಿ.ಎ. ಹುಡುಗರಿಗೆ ಟ್ಯೂಷನ್ ಹೇಳುತ್ತ ತಿಂಗಳಿಗೆ ಒಂದೂವರೆ ಸಾವಿರ ಬೇರೆ ಎತ್ತಿಡುತ್ತಿದ್ದೇನೆ. ತುಕ್ಕಿನ ಕೆಲಸವನ್ನು ಅರ್ಧ ನಾನೇ ಮಾಡುತ್ತೇನೆ. ಎಮೆರಿ ಕಾಗದದಲ್ಲಿ ತಿಕ್ಕಿ, ಪ್ರೈಮರ್ ಹೊಡೆಯುವವರೆಗೆ ಯಾರ ಹಂಗೂ ಬೇಡ. ವೆಲ್ಡಿಂಗಿಗೆ ಉಸ್ತಾದರು ಬರುತ್ತೇನೆ ಅಂದಿದ್ದಾರೆ, ಗ್ಯಾರೇಜು ಆಗ ಇರಲಿ ಬಿಡಲಿ. ಥೀಸಿಸಿಗೆ ಇನ್ನು ಹನ್ನೊಂದು ಊರು ನೋಡುವುದು ಬಾಕಿ, ಎಂಟು ಚಂದ್ರಗುತ್ತಿ ಹೋಬಳಿಯಲ್ಲಿವೆ. ಈ ವಾರ ಹಿಂದಿನ ಬ್ರೇಕು ಬಿಚ್ಚಿ ಶೂ ನೋಡಬೇಕು, ಚಂದ್ರಗುತ್ತಿಯ ದಾರಿಯಲ್ಲಿ ಇಳಿಜಾರು ಜಾಸ್ತಿ. ಅಪ್ಪ ಈ ಸಲ ತಾವೂ ಬರುತ್ತೇನೆ ಅಂದಿದ್ದಾರೆ. ಕಲ್ಲು ಕಾಣದಿದ್ದರೂ ಕೈಯಿಂದ ಮುಟ್ಟಿ ಅಕ್ಷರ ಹೇಳಬಹುದಲ್ಲ ಎಂಬುದು ಅವರ ವಾದ. ಪಕ್ಕದ ಸೀಟಿನ ಬೆಲ್ಟು ಸಿಕ್ಕಿಕೊಳ್ಳುತ್ತಿದೆ, ಮೊದಲು ಅದನ್ನು ಸರಿ ಮಾಡಬೇಕು.